ನಾನು ಜೈಲಿಗೆ ಹೋಗಲು ಹೊರಟದ್ದು

ಯುದ್ಧದ ಕಾಲದಲ್ಲಿ ಹಾನಗಲ್ಲಿನಲ್ಲಿ ನನ್ನಷ್ಟು ತಪ್ಪು ಭವಿಷ್ಯ ಹೇಳಿದ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ. ಅಪ್ಪ ತೀರಿಕೊಂಡ ಮೇಲೆ ಬಟ್ಟೆಯ ಅಂಗಡಿ ನನ್ನ ಪಾಲಿಗೆ ಬಂದಿತ್ತು. ಅಂಗಡಿಗೆ ಒಂದು ಕಟ್ಟೆ ಇತ್ತು. ನನಗೆ ಒಂದಿಷ್ಟು ಇಂಗ್ಲಿಷು ಬರುತ್ತಿತ್ತು. ಹುಬ್ಬಳ್ಳಿಯ ಪತ್ರಿಕೆ ಬಂಕಾಪುರದ ಮೇಲೆ ಬರುವ ಬಸ್ಸಿನಲ್ಲಿ ಮರುದಿನ ನಮ್ಮೂರು ಮುಟ್ಟುತ್ತಿತ್ತು. ಇಷ್ಟು ಸಾಮಗ್ರಿಯ ಮೇಲೆ ನಾನು ರಾಜಕಾರಣದ ಪಂಡಿತನಾದೆ. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಜನ ಬಂದು ಕಟ್ಟೆಯ ಮೇಲೆ ಕೂತುಕೊಳ್ಳುವರು. ನಾನು ಓದಿ ಹೇಳುವೆ. ಓದಿದ್ದಕ್ಕಿಂತ ಹೆಚ್ಚು ಹೇಳುವೆ. ಪ್ಯಾರಿಸ್ ಪಟ್ಟಣ ಬೀಳುವುದು ಸಾಧ್ಯವೇ ಇಲ್ಲ ಎಂದು ನಾನು ಕಟ್ಟೆ ಗುದ್ದಿ ಸಾರಿದ ದಿನ ಅದು ಆಗಲೇ ಬಿದ್ದಾಗಿತ್ತು. ಆ ಸುದ್ದಿ ಹೊತ್ತ ಬಸ್ಸು ಮಾತ್ರ ಬಂಕಾಪುರದಲ್ಲಿ ಕೆಟ್ಟು ನಿಂತಿತ್ತು. ಸಿಂಗಾಪುರ ಗಟ್ಟಿ ಎಂದೆ. ಅದೂ ಹೋಯಿತು.

ನನ್ನ ಕೇಳುಗರಲ್ಲಿ ಸವಣೂರಿನ ಎಲೆ ವ್ಯಾಪಾರಿಯೊಬ್ಬರಿದ್ದರು. ವೀಳ್ಯದೆಲೆಯ ಪೆಂಡಿಗಳನ್ನು ಹೊತ್ತು ನಮ್ಮೂರ ಸಂತೆಗೆ ಬರುತ್ತಿದ್ದ ಸಾಹೇಬರು. ನನ್ನಷ್ಟೇ ವಯಸ್ಸು, ನನಗಿಂತ ಹೆಚ್ಚು ಬುದ್ಧಿ. ಅವರು ಒಮ್ಮೆ ಎಲ್ಲರೆದುರು ಕೈಜೋಡಿಸಿ ಹೇಳಿದರು:

“ಸಾವಕಾರ್ರ, ಒಂದ್ ಸಲ ಇಂಗ್ಲಿಷರು ಗೆದ್ದ ಗೆಲ್ತಾರ ಅಂತ ಗಟ್ಟ್ಯಾಗಿ ಹೇಳಿಬಿಡ್ರಿ. ನಮಗ ಲಗೂನ ಸ್ವರಾಜ್ಯ ಸಿಕ್ಕೀತು.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಮನಸ್ಸಿಗೆ ತಾಗಿತು.

ಮನೆಯಲ್ಲಿ ನನ್ನ ಕಿಮ್ಮತ್ತು ಇನ್ನೂ ಕಡಿಮೆ. ಮನೆಯೆಂದರೆ ನಾನು, ಅವ್ವ, ನನ್ನ ಹೆಂಡತಿ ಮತ್ತು ಒಂದು ಎಮ್ಮೆ. ಹೆಂಡತಿ ಶಿಗ್ಗಾವಿಯವಳು, ಮಾತಿನಲ್ಲಿ ಅಲ್ಲಿಯ ಮೆಣಸಿನಕಾಯಿಯಷ್ಟೇ ಖಾರ. ಆ ವರ್ಷ ಮಳೆ ಹಿಡಿದಾಗ ನಡುಮನೆ ಸೋರತೊಡಗಿತು. ಹಂಚು ಕೂಡ್ರಿಸುವವನನ್ನು ಕರೆಸೋಣವೆಂದಳು ಅವಳು. ನಮ್ಮ ಕೆಲಸ ನಾವೇ ಮಾಡಿಕೊಳ್ಳುವುದೇ ಸ್ವರಾಜ್ಯ ಎಂದು ಭಾಷಣ ಬಿಗಿದು ನಾನೇ ಮೇಲೆ ಹತ್ತಿದೆ. ಸೋರುವ ತೂತು ಹುಡುಕುತ್ತ ಹೋದವನ ಕಾಲು ಹಂಚು ಮುರಿದು ಕೆಳಗಿಳಿಯಿತು. ಕೆಳಗೆ ಅಡಿಗೆಮನೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ತಲೆಯ ಮೇಲೆ ನನ್ನ ಮೊಳಕಾಲಿನ ಕೆಳಗಿನ ಭಾಗವಷ್ಟೇ ತೂಗಾಡುತ್ತಿತ್ತು.

“ಯಾರದಾರ ಅಲ್ಲೆ?” ಎಂದಳು ಅವ್ವ.

“ನಿಮ್ಮ ಮಗಾರಿ, ಅತ್ತಿ. ಸ್ವರಾಜ್ಯ ತರಾಕ ಹೋಗ್ಯಾರ,” ಎಂದಳು ಹೆಂಡತಿ.

ಮೊದಲು ಒಂದು ಕಡೆ ಸೋರುತ್ತಿದ್ದ ಮನೆ ಅಂದಿನಿಂದ ಎರಡು ಕಡೆ ಸೋರಿತು.

ಅದೇ ಮಳೆಗಾಲದಲ್ಲಿ, ಆಗಸ್ಟ್ ತಿಂಗಳಲ್ಲಿ, ಮುಂಬಯಿಯಲ್ಲಿ ದೊಡ್ಡ ನಾಯಕರನ್ನೆಲ್ಲ ಒಂದೇ ಬೆಳಿಗ್ಗೆ ಹಿಡಿದು ಒಳಗೆ ಹಾಕಿದರು. ನಲವತ್ತೆರಡನೆಯ ಇಸವಿಯ ಆ ದಿನಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಸೀಮೆಯಲ್ಲೂ ಒಬ್ಬೊಬ್ಬರಾಗಿ ಜೈಲಿಗೆ ಹೋಗತೊಡಗಿದರು. ಪಕ್ಕದ ಓಣಿಯ ಮಾಸ್ತರರು ಹೋದರು. ಸಂತೆಯಲ್ಲಿ ಬೆಲ್ಲ ಮಾರುವ ಮುದುಕ ಕೂಡ ಹೋದ. ನನ್ನ ಕಟ್ಟೆಯ ಮೇಲೆ ಜನ ಕೂತಿದ್ದರು, ಆದರೆ ಅವರು ಪತ್ರಿಕೆಯನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಒಂದು ದಿನ ಒಬ್ಬ ಬಾಯಿಬಿಟ್ಟು ಕೇಳಿಯೇಬಿಟ್ಟ: “ನೀವು ಯಾವಾಗ ಹೋಗಾವ್ರಿ?”

ಊರಿಗೆ ಹೋಗುವವನನ್ನು ಬಸ್ಸಿನ ವೇಳೆ ಕೇಳಿದ ಹಾಗೆ ಕೇಳಿದ. ನಾನು ಯೋಚಿಸದೆ, “ಈ ಸಂತಿಗೆ. ಹಿರೇಕೆರೂರಾಗ,” ಎಂದೆ.

ಹಾನಗಲ್ಲನ್ನು ಬಿಟ್ಟು ಹಿರೇಕೆರೂರು ಏಕೆಂದರೆ, ನಮ್ಮೂರಿನ ಜನ ನನ್ನ ಮಾತು ಕೇಳಿ ಕೇಳಿ ಬೇಸತ್ತಿದ್ದರು. ಪೊಲೀಸ್ ಠಾಣೆಯ ಫೌಜದಾರರು ಕೂಡ ನನ್ನ ಅಂಗಡಿಯಲ್ಲೇ ಬಟ್ಟೆ ಒಯ್ಯುವವರು. ನನ್ನನ್ನು ಹಿಡಿಯುವ ಬದಲು ಬುದ್ಧಿ ಹೇಳಿ ಕಳಿಸಿಯಾರೆಂಬ ಭಯ. ಹಿರೇಕೆರೂರಿನಲ್ಲಾದರೆ ನಾನು ಹೊಸಬ. ಹತ್ತಿಯ ಪೇಟೆ, ದೊಡ್ಡ ಸಂತೆ, ಸಾಕಷ್ಟು ಪೊಲೀಸರು.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಹೆಂಡತಿ ನಗಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟಿತು. ಅವ್ವ, “ಅಲ್ಲಿ ಹಾಸಾಕ ಕೊಡ್ತಾರೋ ಇಲ್ಲೋ?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ.

ಜೈಲಿಗೆ ಹೋಗುವವನ ಬಟ್ಟೆ ಶುಭ್ರವಾಗಿರಬೇಕಲ್ಲ? ನನ್ನಲ್ಲಿದ್ದದ್ದು ಒಂದೇ ಜೊತೆ ಖಾದಿ. ಬಟ್ಟೆಯ ಅಂಗಡಿಯವನ ಹತ್ತಿರ ಒಂದೇ ಜೊತೆಯೇ ಎಂದರೆ, ಅಂಗಡಿಯಲ್ಲಿದ್ದದ್ದೆಲ್ಲ ಗಿರಣಿಯ ಬಟ್ಟೆ. ಆ ಮಾತು ಎತ್ತಬೇಡಿ. ಹೊರಡುವ ಹಿಂದಿನ ದಿನ ನನ್ನ ಬಟ್ಟೆ ನಾನೇ ಒಗೆಯುತ್ತೇನೆಂದು ಬಚ್ಚಲಿಗೆ ಹೋದೆ. ಅಲ್ಲೊಂದು ಬಕೆಟ್ಟಿನಲ್ಲಿ ಬಿಸಿನೀರು ಸಿದ್ಧವಿತ್ತು. ಮಬ್ಬುಗತ್ತಲೆ, ಹೊಗೆ. ಧೋತರ, ಅಂಗಿ, ಟೋಪಿ ಮೂರನ್ನೂ ಅದರಲ್ಲಿ ಅದ್ದಿ, ಸಬಕಾರ ಹಾಕಿ, ಮನಸ್ಸಿನಲ್ಲಿ ಭಾಷಣ ಕಟ್ಟುತ್ತ ಕೂತೆ. ಭಾಷಣ ಚೆನ್ನಾಗಿ ಬರುತ್ತಿತ್ತು, ಬಟ್ಟೆಯ ನೆನಪೇ ಹೋಯಿತು. ಪಂಚಮಿಗೆ ಶಿಗ್ಗಾವಿಯಿಂದ ಉಡುಗೊರೆಯಾಗಿ ಬಂದಿದ್ದ ಕೆಂಪು ಸೀರೆಯನ್ನು ಹೆಂಡತಿ ಮೊದಲ ಬಾರಿಗೆ ಅದೇ ಬಕೆಟ್ಟಿನಲ್ಲಿ ನೆನೆಹಾಕಿದ್ದಳೆಂಬುದು ನನಗೆ ತಿಳಿದದ್ದು ಹಿಂಡಿ ಬೆಳಕಿಗೆ ತಂದ ಮೇಲೆ.

ಮೂರೂ ಬಟ್ಟೆ ಅಚ್ಚ ಗುಲಾಬಿ. ಹೆಂಡತಿ ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಅಲ್ಲೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವ್ವ ಬಂದು ಟೋಪಿ ಎತ್ತಿ ಬೆಳಕಿಗೆ ಹಿಡಿದು, “ಇರಲಿ ಬಿಡು ತಮ್ಮಾ. ಜೈಲಿನ್ಯಾಗ ಎಲ್ಲಾರೂ ಬಿಳೀ ಬಟ್ಟಿ ಹಾಕ್ಕೊಂಡಿರ್ತಾರ. ನಿನ್ನ ನೋಡಾಕ ಬಂದ್ರ ನನಗ ಲಗೂ ಗುರ್ತು ಸಿಕ್ಕೀತು,” ಎಂದಳು. ಅವಳು ನಗಾಟಕ್ಕೆ ಹೇಳಿದಳೋ ಖರೆ ಹೇಳಿದಳೋ ಈಗಲೂ ಗೊತ್ತಿಲ್ಲ.

ಮರುದಿನ ಓಣಿಯ ಹೆಂಗಸರು ಬಂದು ಆರತಿ ಮಾಡಿದರು. ಕೊರಳಿಗೊಂದು ಮಾಲೆ ಬಿತ್ತು. ಅವ್ವ ಅಪ್ಪನ ಕಂಬಳಿಯನ್ನು ಮಡಚಿ ಕೊಟ್ಟಳು. ಜೊತೆಗೆ ಖಡಕ್ ರೊಟ್ಟಿ, ಶೇಂಗಾದ ಚಟ್ನಿಹಿಂಡಿಯ ಬುತ್ತಿ. ಗುಲಾಬಿ ಟೋಪಿಯನ್ನು ಯಾರೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ. ಇದೂ ಯಾವುದೋ ಹೊಸ ಪಕ್ಷದ ಬಣ್ಣವಿರಬೇಕೆಂದು ತಿಳಿದಿರಬಹುದು.

ಪೆಟ್ರೋಲು, ಸೀಮೆಎಣ್ಣೆ ಸಿಗದ ಕಾಲ. ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಹೊಗೆಯಿಂದ. ಹಿಂದೆ ದೊಡ್ಡದೊಂದು ಉರುಳೆಯಂಥ ಒಲೆ, ಏರು ಬಂದಲ್ಲಿ ಬಸ್ಸು ನಿಲ್ಲುವುದು, ನಾವೆಲ್ಲ ಇಳಿದು ನೂಕುವುದು. ತಿಳವಳ್ಳಿ ದಾಟುವಷ್ಟರಲ್ಲಿ ಹಲವು ಸಲ ಇಳಿದು ನೂಕಿದ್ದೆವು. ಮಾಲೆ ಹಾಕಿಕೊಂಡವನೆಂದು ನನಗೇನೂ ಸವಲತ್ತು ಸಿಗಲಿಲ್ಲ. ಕಂಡಕ್ಟರು ನನ್ನನ್ನು ಒಲೆಯ ಹತ್ತಿರವೇ ನಿಲ್ಲಿಸಿದ. ಹಿರೇಕೆರೂರಿನಲ್ಲಿ ಇಳಿದಾಗ ಸಂತೆ ಅರ್ಧ ಮುಗಿದಿತ್ತು, ನನ್ನ ಮುಖ ಮಸಿಯಾಗಿತ್ತು. ಕನ್ನಡಿ ಇರಲಿಲ್ಲವಾದ್ದರಿಂದ ನನಗದು ತಿಳಿಯಲಿಲ್ಲ.

ಹತ್ತಿಯ ಅಂಡಿಗೆಯೊಂದರ ಮೇಲೆ ಹತ್ತಿ ನಿಂತು, “ಬಂಧುಗಳೇ!” ಎಂದೆ. ಜನ ತಿರುಗಿ ನೋಡಿದರು. ನೋಡಿದವರು ಹತ್ತಿರ ಬಂದರು. ನೋಡುನೋಡುತ್ತ ದೊಡ್ಡ ಗುಂಪು ಕೂಡಿತು. ನನ್ನ ಎದೆ ಉಬ್ಬಿತು. ಗುಲಾಮಗಿರಿಯ ಮಾತಿನಿಂದ ಸುರುಮಾಡಿ ಸರಪಳಿ ಹರಿಯುವ ಮಾತಿಗೆ ಬರುವಷ್ಟರಲ್ಲಿ ಮುಂದೆ ನಿಂತಿದ್ದ ಒಬ್ಬ ರೈತ ಕೈ ಎತ್ತಿ ಕೇಳಿದ:

“ಆಟ ಯಾವ ಊರಾಗರಿ?”

“ಯಾವ ಆಟ?”

“ನಾಟಕರೀ. ಕಂಪನಿ ಯಾವ್ದು? ಹೆಣ್ಣಿನ ಪಾರ್ಟು ಯಾರದೈತಿ?”

ಗುಲಾಬಿ ಬಟ್ಟೆ, ಕಪ್ಪು ಮುಖ, ಕೊರಳಲ್ಲಿ ಬಾಡಿದ ಮಾಲೆ. ನಾಟಕ ಕಂಪನಿಯವರು ಡಂಗುರ ಸಾರಲು ಕಳಿಸಿದ ಮನುಷ್ಯನೆಂದು ಅವರು ತಿಳಿದಿದ್ದರು. ಅಷ್ಟರಲ್ಲಿ ಒಬ್ಬ ಪೊಲೀಸು ಗುಂಪನ್ನು ಸೀಳಿಕೊಂಡು ಬಂದ. ನನಗೆ ಸಮಾಧಾನವಾಯಿತು. ಅವನು ಮೇಲಿಂದ ಕೆಳಗೆ ನೋಡಿ, “ಆಟಕ್ಕ ಪರವಾನಗಿ ಐತೇನು?” ಎಂದ.

“ಆಟ ಅಲ್ಲ. ಸರಕಾರದ ವಿರುದ್ಧ ಮಾತಾಡಾಕತ್ತೇನಿ. ನನ್ನ ಹಿಡೀರಿ,” ಎಂದೆ.

ಗುಂಪು ಗೊಳ್ಳೆಂದು ನಕ್ಕಿತು. ಅದೂ ನಾಟಕದ್ದೇ ಮಾತೆಂದು ಅವರ ಲೆಕ್ಕ. ಪೊಲೀಸಿನವ ಆಕಾಶ ನೋಡಿದ. “ಮಳಿ ಬರಾಕತ್ತೈತಿ, ಇಳೀರಿ ಕೆಳಗ,” ಎಂದ. ಮಳೆ ಬಂದೇಬಿಟ್ಟಿತು. ಸಂತೆ ದಿಕ್ಕಾಪಾಲಾಯಿತು. ಓಡಬಾರದೆಂದು ನಾನು ನಿಶ್ಚಯ ಮಾಡುವ ಮೊದಲೇ ನನ್ನ ಕಾಲು ಓಡಿದ್ದವು. ಒಂದು ಚಕ್ಕಡಿಯ ಕೆಳಗೆ ನುಸುಳಿದೆ. ಪಕ್ಕದಲ್ಲಿ ಅದೇ ಪೊಲೀಸಿನವ ಮುದುಡಿಕೊಂಡು ಕೂತಿದ್ದ.

ಹತ್ತಿರದಿಂದ ನೋಡಿದರೆ ಪಾಪದ ಮನುಷ್ಯ, ಮುಪ್ಪಿನ ಅಂಚಿನಲ್ಲಿದ್ದ. ತೊಯ್ದು ನಡುಗುತ್ತಿದ್ದ. ನಾನು ಕಂಬಳಿ ಬಿಚ್ಚಿ ಅವನ ಮೇಲೂ ಹೊದಿಸಿದೆ. ಬುತ್ತಿ ಬಿಚ್ಚಿದೆ. ಇಬ್ಬರೂ ರೊಟ್ಟಿ ಮುರಿದುಕೊಂಡು ತಿಂದೆವು.

“ನಿಮ್ಮನ್ನ ಹಿಡದ್ರ ಎಲ್ಲಿ ಇಡೋದ್ರಿ?” ಎಂದ ಅವನು, ಹಿಂಡಿ ನಂಜಿಕೊಳ್ಳುತ್ತ. “ಒಳಗ ಕುಂಡ್ರಾಕ ಜಾಗಾ ಇಲ್ಲ. ಖರೇ ಚಳವಳಿ ಮಾಡಿದವ್ರು ಅಲ್ಲಿ ನಿಂತಗೊಂಡ ಮಲಗಾಕತ್ತಾರ. ಹಿಂಡಿ ಭಾಳ ರುಚಿ ಐತಿ. ಯಾರ ಮಾಡಿದ್ದು?”

“ನಮ್ಮವ್ವ.”

“ಮನೀಗೆ ಹೋಗ್ರಿ ಹಂಗಾರ.”

ಮಳೆ ನಿಂತ ಮೇಲೆ ಅವನು ತನ್ನ ದಾರಿ ಹಿಡಿದ. ಕಂಬಳಿ ಅವನ ಮೈಮೇಲೆಯೇ ಹೋಯಿತು. ಕೇಳಲು ನನಗೆ ಮನಸ್ಸಾಗಲಿಲ್ಲ.

ಈಗ ಎಲ್ಲಿಗೆ ಹೋಗಲಿ? ಆರತಿ ಮಾಡಿ ಕಳಿಸಿದ ಓಣಿಗೆ ಸಂಜೆಯ ಬಸ್ಸಿನಲ್ಲೇ ಮರಳಿ ಹೋಗುವುದೇ? ಶಿಗ್ಗಾವಿಗೆ ಹೋದರೆ ಮಾವನವರು ಅಳಿಯನ ಟೋಪಿ ನೋಡಿ ಏನೆಂದಾರು? ಕೊನೆಗೆ ಸವಣೂರಿನ ಸಾಹೇಬರ ನೆನಪಾಯಿತು. ಸವಣೂರು ಆಗ ನವಾಬರ ಸಂಸ್ಥಾನ. ಬ್ರಿಟಿಷ್ ಮುಲುಕಿನಲ್ಲಿ ಪೊಲೀಸರು ಹುಡುಕುತ್ತಿರುವವರು ಅಲ್ಲಿ ಹೋಗಿ ತಲೆಮರೆಸಿಕೊಳ್ಳುತ್ತಾರೆಂದು ನಾನೇ ಕಟ್ಟೆಯ ಮೇಲೆ ಹೇಳಿದ್ದುಂಟು. ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ ಎಂಬುದೊಂದೇ ವ್ಯತ್ಯಾಸ. ಹಾವೇರಿಗೆ ಬಂದು, ಅಲ್ಲಿಂದ ಸವಣೂರಿನ ಕಡೆ ಹೊರಟಿದ್ದ ಚಕ್ಕಡಿಯೊಂದರಲ್ಲಿ ಕೂತೆ.

ಸಾಹೇಬರು ನನ್ನನ್ನು ನೋಡಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಖ ತೊಳೆಯಲು ನೀರು ಕೊಟ್ಟರು, ತಮ್ಮದೊಂದು ಬಿಳಿ ಪೈಜಾಮ ಕೊಟ್ಟರು. ಅಂಗಡಿಯ ಹಿಂದೆ ಎಲೆ ತುಂಬಿಡುವ ತಂಪು ಕೋಣೆಯಲ್ಲಿ ಹಾಸಿಗೆ ಹಾಸಿದರು. ಆ ಮೇಲೆ ಮಾತ್ರ, “ಭೂಮಿಗತ ಆಗೀರಿ ಅನ್ನೂನು. ಚೊಲೋ ಕಾಣತೈತಿ,” ಎಂದರು. ನಾನು ಕೆಲವು ದಿನ ಹೀಗೆ ಭೂಮಿಗತನಾಗಿ, ಸವಣೂರಿನ ಕುರುಕಲು ಖಾರ ಮೆಲ್ಲುತ್ತ, ಚಹಾ ಕುಡಿಯುತ್ತ, ಎಲೆಗಳ ತಂಪಿನಲ್ಲಿ ಮಲಗಿದ್ದೆ. ಇಷ್ಟು ಸುಖದ ದೇಶಸೇವೆಯನ್ನು ನಾನು ಮುಂದೆಂದೂ ಮಾಡಲಿಲ್ಲ.

ಪತ್ರಿಕೆಗಳ ಮೇಲೆ ಆಗ ಬಿಗಿ ನಿರ್ಬಂಧ. ಬದಲಿಗೆ ಎಲ್ಲೋ ಕದ್ದು ಅಚ್ಚು ಹಾಕಿದ ಒಂಟಿ ಹಾಳೆಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಒಂದು ಮುಂಜಾನೆ ಸಾಹೇಬರು ಎಲೆಯ ಪೆಂಡಿಯೊಳಗಿಂದ ಅಂಥದೊಂದು ಹಾಳೆ ತೆಗೆದು, “ಓದ್ರಿ ಸಾವಕಾರ್ರ, ಭಾಳ ದಿನಾತು ನಿಮ್ಮ ಓದು ಕೇಳಿ,” ಎಂದು ಎದುರು ಕೂತರು.

ನನಗೆ ಹುರುಪು ಬಂತು. ದನಿ ಏರಿಸಿ ಓದಿದೆ. “ಹಾನಗಲ್ಲಿನಲ್ಲಿ ವೀರಮಾತೆಯ ಸಾಹಸ. ಮನೆ ಶೋಧಿಸಲು ಬಂದ ಪೊಲೀಸರ ಮೇಲೆ ಮಹಡಿಯಿಂದ ಕುದಿಯುವ ನೀರು ಸುರಿದ ವೃದ್ಧೆ.” ನಾನು ಹಾಳೆ ಕೆಳಗಿಟ್ಟು ಅರ್ಥ ಹೇಳತೊಡಗಿದೆ. “ನೋಡ್ರಿ ಸಾಹೇಬ್ರ, ನಾ ಮೊದಲಿಂದ ಹೇಳಾಕತ್ತೇನಿ. ಹೆಣ್ಣಮಕ್ಕಳು ಎದ್ದ ದಿನ ಸರಕಾರ ಉಳಿಯಂಗಿಲ್ಲ. ಇಂಥಾ ತಾಯಿ ಹೊಟ್ಟ್ಯಾಗ ಎಂಥಾ ಮಗ ಹುಟ್ಟಿರಬೇಕು, ವಿಚಾರ ಮಾಡ್ರಿ.”

“ಮುಂದ ಓದ್ರಿ,” ಎಂದರು ಸಾಹೇಬರು. ಅವರ ಮುಖ ಒಂದು ಥರ ಇತ್ತು. ಅವರು ಆಗಲೇ ಓದಿಸಿ ಕೇಳಿದ್ದರೆಂದು ಕಾಣುತ್ತದೆ.

ಮುಂದೆ ಓದಿದೆ. “ಈ ತಾಯಿಯ ಮಗ ಬಟ್ಟೆಯ ವ್ಯಾಪಾರಿಯಾಗಿದ್ದು, ಹಿರೇಕೆರೂರಿನಲ್ಲಿ ಸಹಸ್ರಾರು ಜನರೆದುರು ಕಿಡಿಕಾರುವ ಭಾಷಣ ಮಾಡಿ ಭೂಮಿಗತರಾಗಿದ್ದಾರೆ...”

ಆ ಸಾಲನ್ನು ಇನ್ನೊಮ್ಮೆ, ದನಿಯಿಲ್ಲದೆ ಓದಿಕೊಂಡೆ. ಸಾಹೇಬರು ಮೆಲ್ಲಗೆ, “ಚಕ್ಕಡಿ ಹೇಳೇನಿ. ಏಳ್ರಿ,” ಎಂದರು.

ದಾರಿಯುದ್ದಕ್ಕೂ ನನಗೆ ಕಂಡದ್ದು ಅವ್ವನ ಕೈಗೆ ಬೇಡಿ ಹಾಕಿದ ಚಿತ್ರ. ಮನೆ ಮುಟ್ಟಿದಾಗ ಹೆಂಡತಿ ಅಂಗಳದಲ್ಲಿದ್ದಳು. ನನ್ನ ಪೈಜಾಮ ನೋಡಿ, “ಊಟಾ ಆತೇನ್ರಿ ಸವಣೂರಾಗ?” ಎಂದಳು. ಅಷ್ಟು ತಣ್ಣಗಿನ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಆ ಮೇಲೆ ಅವಳೇ ನಡೆದದ್ದನ್ನು ಹೇಳಿದಳು.

ನಾನು ಹೋದ ಮರುದಿನವೇ ಊರಲ್ಲಿ ಸುದ್ದಿ ಹಬ್ಬಿತ್ತು. ಹಿರೇಕೆರೂರಿನಲ್ಲಿ ನನ್ನನ್ನು ಹಿಡಿದಿಲ್ಲ, ಮನೆಗೂ ಬಂದಿಲ್ಲ, ಅಂದರೆ ಭೂಮಿಗತನಾಗಿದ್ದೇನೆ ಎಂದು. ಫೌಜದಾರರು ಮನಸ್ಸಿಲ್ಲದ ಮನಸ್ಸಿನಿಂದ ವಿಚಾರಿಸಲು ಬಂದರು. ಅದೇ ಹೊತ್ತಿಗೆ ಅವ್ವ ಅಟ್ಟದ ಕಿಟಕಿಯಿಂದ, ಎಂದಿನ ಹಾಗೆ ಕೆಳಗೆ ನೋಡದೆ, ಎಮ್ಮೆಯ ಬಾನಿಗೆಂದು ಕಲಗಚ್ಚು ಸುರಿದಳು. ಅಕ್ಕಿ ತೊಳೆದ ನೀರು, ಹಳಸಿದ ಅಂಬಲಿ, ಬದನೆಕಾಯಿಯ ತೊಟ್ಟು ಎಲ್ಲವೂ ಫೌಜದಾರರ ಟೋಪಿಯ ಮೇಲೆ ಇಳಿದವು. ಅವ್ವ ಬಗ್ಗಿ ನೋಡಿ ಗಾಬರಿಯಾಗಿ, “ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ಎಮ್ಮಿ ಅನ್ಕೊಂಡೆ,” ಎಂದಳಂತೆ. ಓಣಿಯ ಜನ ನಕ್ಕರು. ಜನ ನಕ್ಕ ಮೇಲೆ ಅವರಿಗೂ ಬೇರೆ ದಾರಿ ಇರಲಿಲ್ಲ; ಅವ್ವನನ್ನು ಕಚೇರಿಗೆ ಕರೆದೊಯ್ದರು. ಹೆಂಡತಿ ಬೆನ್ನಿಗೇ ಹೋದಳು.

ಅಲ್ಲಿ ಕೂಡ್ರಿಸಿ ಫೌಜದಾರರು, “ಅವ್ವಾರ, ನಿಮ್ಮ ಮಗ ಎಲ್ಲಿ ಅದಾನ್ರಿ?” ಎಂದು ಕೇಳಿದರಂತೆ.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಅವ್ವ ಎದ್ದು ನಿಂತಳು. “ನನ್ನ ಕೇಳ್ತೀರೇನ್ರಿ? ಆರತಿ ಮಾಡಿ, ಬುತ್ತಿ ಕಟ್ಟಿ, ನಿಮ್ಮ ಜೈಲಿಗಂತ ಕಳಿಸೇನಿ. ಕಳಿಸಿದ ಮಗನ್ನ ಕಳಕೊಂಡು ಮತ್ತ ನನ್ನ ಮನೀಗೇ ಹುಡುಕ್ಯಾಡಾಕ ಬಂದೀರಿ? ಅವಗ ಒಬ್ಬಾವ ಎಲ್ಲಿಗೂ ಹೋಗಿ ಗೊತ್ತಿಲ್ಲ. ಎಲ್ಲಿ ಬಿಟ್ಟೀರಿ ಹೇಳ್ರಿ. ಹೇಳೂ ಮಟಾ ನಾ ಇಲ್ಲಿಂದ ಏಳಂಗಿಲ್ಲ.”

ಹಾಗೆಂದವಳೇ ಕಚೇರಿಯ ಬಾಗಿಲಲ್ಲಿ ಅಡ್ಡ ಕೂತುಬಿಟ್ಟಳು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಸುದ್ದಿ ಹರಡಿ ಓಣಿಯ ಹೆಂಗಸರು ಬಂದು ಅವಳ ಸುತ್ತ ಕೂತರು. ಸಂಜೆಯಾಗುವಷ್ಟರಲ್ಲಿ ತಾಲೂಕಿನ ಮಾಮಲೇದಾರರೇ ಬಂದು, ಮಗನನ್ನು ಹುಡುಕಿಸುತ್ತೇವೆಂದು ಮಾತು ಕೊಟ್ಟು ಅವಳನ್ನು ಮನೆಗೆ ಕಳಿಸಿದರು.

ಇದನ್ನೆಲ್ಲ ಕೇಳಿ ನಾನು ಒಳಗೆ ಹೋದೆ. ಅವ್ವ ಕಾಳು ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಬದಿಗಿಟ್ಟು ನನ್ನ ಗಲ್ಲ, ತೋಳು, ಬೆನ್ನು ಮುಟ್ಟಿ ನೋಡಿದಳು.

“ಬಡದ್ರೇನೋ ತಮ್ಮಾ?”

“ಇಲ್ಲವ್ವಾ. ಜೈಲಿಗೆ ಹೋಗಲೇ ಇಲ್ಲ. ಯಾರೂ ಹಿಡೀಲಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣು ತುಂಬಿದ್ದವು. ಬೈಯುತ್ತಾಳೆಂದು ಕಾದೆ.

“ಮತ್ತ ಕಂಬಳಿ ಎಲ್ಲಿ?” ಎಂದಳು.

ಪೊಲೀಸಿನವನಿಗೆ ಕೊಟ್ಟೆನೆಂದು ಹೇಳಿದೆ. ತೊಯ್ದಿದ್ದನೆಂದೂ ಹೇಳಿದೆ. “ಇರಲಿ,” ಎಂದು ಮತ್ತೆ ಮೊರ ಎಳೆದುಕೊಂಡಳು.

ಮರುದಿನ ನಾನೇ ಕಚೇರಿಗೆ ಹೋಗಿ ಫೌಜದಾರರೆದುರು ನಿಂತೆ. “ಬಂದೇನ್ರಿ,” ಎಂದೆ. ಅವರು ತಲೆ ಎತ್ತಿ, “ನಿಮ್ಮ ಮ್ಯಾಲೆ ಏನಂತ ಬರೀಲಿ? ಅಂಡಿಗಿ ಮ್ಯಾಲೆ ನಿಂತಿದ್ರಿ ಅಂತನೋ? ಹೋಗ್ರಿ ಮನೀಗೆ,” ಎಂದರು. ಬಾಗಿಲವರೆಗೆ ಬಂದವನನ್ನು ಮತ್ತೆ ಕರೆದರು. ದನಿ ತಗ್ಗಿಸಿ, “ಅವ್ವಾರು ಹೆಂಗದಾರ? ನಮ್ಮವ್ವನೂ ಹಂಗ ಇದ್ಲು,” ಎಂದರು.

ಅಲ್ಲಿಂದ ಮುಂದೆ ಸುದ್ದಿ ತನ್ನಷ್ಟಕ್ಕೆ ತಾನು ಬೆಳೆಯಿತು. ಕಲಗಚ್ಚು ಆಗಲೇ ಕುದಿಯುವ ನೀರಾಗಿತ್ತು, ಈಗ ಆ ನೀರು ಕುದಿಯುವ ಎಣ್ಣೆಯಾಯಿತು. ದೂರದ ಹಳ್ಳಿಗಳಿಂದ ಹೆಂಗಸರು ಅವ್ವನ ಕಾಲು ಮುಟ್ಟಲು ಬಂದರು. “ಅಯ್ಯ, ನಾ ಎಮ್ಮಿಗೆ ಸುರದೇನಿ,” ಎಂದು ಅವಳು ಅಂಗಲಾಚಿ ಹೇಳಿದರೆ, ಎಂಥ ವಿನಯವೆಂದು ಅವರು ಇನ್ನೊಮ್ಮೆ ಕಾಲು ಮುಟ್ಟುವರು. ಅವ್ವ ಕಚೇರಿಯ ಬಾಗಿಲಲ್ಲಿ ಕೂತದ್ದನ್ನು ಮಾತ್ರ ಯಾರೂ ಹೇಳಲಿಲ್ಲ. ಆ ಹಾಳೆಯಲ್ಲೂ ಅದು ಬಂದಿರಲಿಲ್ಲ. ನನ್ನ ಹೆಂಡತಿ ನೋಡಿದ್ದಳು, ನನಗೆ ಹೇಳಿದಳು, ಅಷ್ಟೇ.

ಕಟ್ಟೆಯ ಮೇಲೆ ನನ್ನ ಓದು ಮತ್ತೆ ಸುರುವಾಯಿತು, ಆದರೆ ಒಳಗಿನ ಬಾಗಿಲಿಗೆ ಒರಗಿಕೊಂಡು ಈಗ ಅವ್ವನೂ ಕೇಳತೊಡಗಿದಳು. ತನ್ನ ಸುದ್ದಿ ಹೇಗಾಯಿತೆಂದು ಕಂಡವಳಾದ್ದರಿಂದ ಅವಳಿಗೆ ಯಾವ ಸುದ್ದಿಯ ಮೇಲೂ ನಂಬಿಕೆ ಇರಲಿಲ್ಲ. ಊರು ಬಿತ್ತೆಂದರೆ, “ಖರೇನೇ ಬಿತ್ತೋ, ಯಾರರ ಎಮ್ಮಿಗೆ ನೀರು ಹಾಕಿದ್ರೋ?” ಎನ್ನುವಳು. ಜನ ನನ್ನ ವ್ಯಾಖ್ಯಾನ ಬಿಟ್ಟು ಅವಳ ಮಾತಿಗೆ ಕಾಯತೊಡಗಿದರು. ನಾನು ಬರಬರುತ್ತ ಬರೀ ಓದುವವನಾದೆ. ಭವಿಷ್ಯ ಹೇಳುವುದನ್ನು ಬಿಟ್ಟುದರಿಂದ ಅಂಗಡಿಯ ಕಡೆ ಗಮನ ಹರಿದು, ವ್ಯಾಪಾರವೂ ಸ್ವಲ್ಪ ಸುಧಾರಿಸಿತು.

ಯುದ್ಧ ಮುಗಿದ ಸುದ್ದಿ ಬಂದ ದಿನ ಸಾಹೇಬರೂ ಕಟ್ಟೆಯ ಮೇಲಿದ್ದರು. ನಾನು ದೊಡ್ಡ ಅಕ್ಷರಗಳನ್ನು ಓದಿ ಹೇಳಿದೆ. ಎಲ್ಲರೂ ಬಾಗಿಲ ಕಡೆ ತಿರುಗಿದರು.

“ಸೀಮಿಎಣ್ಣಿ ಬಂದೈತೇನು ಪ್ಯಾಟ್ಯಾಗ?” ಎಂದಳು ಅವ್ವ.

“ಇನ್ನೂ ಇಲ್ಲರೀ ಅವ್ವಾರ,” ಎಂದರು ಸಾಹೇಬರು.

“ಹಂಗಾರ ಬರಲಿ. ಆಮ್ಯಾಲೆ ನಂಬತೇನಿ,” ಎಂದು ಅವಳು ದೀಪದ ಬತ್ತಿ ಹೊಸೆಯಲು ಒಳಗೆ ಹೋದಳು.